‘ನಾನೇನೂ ಮುಟ್ಟಿಲ್ಲ ಸರ್’

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಪೀಣ್ಯದ ಒಂದು ಸಣ್ಣ ಕಾರ್ಖಾನೆ. ಹದಿನೆಂಟು ಕಂಪ್ಯೂಟರ್‌ಗಳ ಆಫೀಸು. ಅಕೌಂಟ್ಸ್ ನೋಡುವ ಮೇಡಂ ಮಾತಾಡುತ್ತಿದ್ದರು. “ಸರ್, ಔಟ್‌ಲುಕ್ ತೆಗೆದ ತಕ್ಷಣ ಸೆಕ್ಯುರಿಟಿ ಅಲರ್ಟ್ ಅಂತ ಏನೋ ಬರ್ತಿದೆ. ಯೆಸ್ ಒತ್ತಿದ್ರೆ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತೆ. ನಾನೇನೂ ಮುಟ್ಟಿಲ್ಲ ಸರ್.”

ಈ ಕೊನೆಯ ಮಾತನ್ನು ನಮ್ಮ ಕಸುಬಿನಲ್ಲಿ ಯಾರೂ ನಂಬುವುದಿಲ್ಲ. ಪ್ರಿಂಟರ್ ಕೆಟ್ಟಿದೆ ಅಂದಾಗ ನಾನೂ ನಂಬುವುದಿಲ್ಲ. ಸರ್ಟಿಫಿಕೇಟ್ ಎಚ್ಚರಿಕೆ ಬಂದಾಗ ಮಾತ್ರ ನಂಬುತ್ತೇನೆ. ಅವರು ನಿಜವಾಗಿಯೂ ಮುಟ್ಟಿರುವುದಿಲ್ಲ. ಮುಟ್ಟಿದವರು ಬೇರೆ ಯಾರೋ, ಬೇರೆಲ್ಲೋ ಇರುತ್ತಾರೆ. ಅವರನ್ನು ಹುಡುಕುವುದೇ ನನ್ನ ಕೆಲಸ. ಸುಳಿವು ಆ ಕಿಟಕಿಯಲ್ಲೇ ಇರುತ್ತದೆ, ಓದದೆ ಯೆಸ್ ಒತ್ತುತ್ತೇವೆ ಅಷ್ಟೆ.

ಬೆಂಗಳೂರಿನ ಆಟೋದಲ್ಲಿ ಡ್ರೈವರ್ ಸೀಟಿನ ಹಿಂದೆ ಒಂದು ಕಾರ್ಡ್ ನೇತುಹಾಕಿರುತ್ತಾರೆ, ನೋಡಿರುತ್ತೀರಿ. ಸರ್ಟಿಫಿಕೇಟ್ ಅಂದರೆ ಸರ್ವರ್‌ನ ಕುತ್ತಿಗೆಗೆ ಹಾಕಿದ ಅಂಥದ್ದೇ ಕಾರ್ಡ್. ಯಾರ ಹೆಸರಿಗೆ, ಎಲ್ಲಿಯ ತನಕ, ಕೊಟ್ಟವರು ಯಾರು. ಈ ಮೂರರಲ್ಲಿ ಒಂದು ತಾಳೆಯಾಗದಿದ್ದರೂ ಪ್ರೋಗ್ರಾಂ ನಿಮ್ಮನ್ನು ಕೇಳುತ್ತದೆ. ಔಟ್‌ಲುಕ್‌ನ ಹಳೆಯ ಕಿಟಕಿಯಂತೂ ಮೂರನ್ನೂ ಮೂರು ಸಾಲಿನಲ್ಲಿ ಬರೆದು, ಸರಿಯಿದ್ದದ್ದಕ್ಕೆ ಹಸಿರು ಗುರುತು, ತಪ್ಪಿದ್ದಕ್ಕೆ ಕೆಂಪು ಗುರುತು ಹಾಕಿ ತೋರಿಸುತ್ತದೆ. ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ?

“ಮೇಡಂ, ಮೂರರಲ್ಲಿ ಕೆಂಪಗಿರೋದು ಯಾವುದು? ಕಿಟಕಿಯ ಮೇಲ್ಗಡೆ ಯಾವ ಹೆಸರಿದೆ?” ಅಂತ ಕೇಳಿದೆ. ಕೆಂಪಗಿದ್ದದ್ದು ಹೆಸರಿನ ಸಾಲು. ಮೇಲ್ಗಡೆ ಇದ್ದದ್ದು ಅವರ ಮೇಲ್ ಸರ್ವರ್‌ನ ಹೆಸರಲ್ಲ, ಬರೀ ಕಂಪನಿಯ ಡೊಮೇನ್ ಹೆಸರು, ಅಂದರೆ ಇಂಟರ್ನೆಟ್ಟಿನಲ್ಲಿ ಕಂಪನಿಯ ವಿಳಾಸ. ಅಲ್ಲಿಗೆ ನನಗೆ ಮುಕ್ಕಾಲು ಪಾಲು ಗೊತ್ತಾಯಿತು. “ಈಚೆಗೆ ವೆಬ್‌ಸೈಟ್ ಏನಾದ್ರೂ ಬದಲಾಯಿಸಿದ್ರಾ?” ಅಂದೆ. “ಹೌದು ಸರ್, ಶನಿವಾರ ಹೊಸ ವೆಬ್‌ಸೈಟ್ ಹಾಕಿದ್ರು. ಆದ್ರೆ ಅದಕ್ಕೂ ಮೇಲ್‌ಗೂ ಏನು ಸಂಬಂಧ?”

ಸಂಬಂಧ ಇದೆ. ನಿಮ್ಮ ಮೇಲ್‌ಪೆಟ್ಟಿಗೆ ಯಾವ ಸರ್ವರ್‌ನಲ್ಲಿದೆ ಅನ್ನುವುದನ್ನು ಔಟ್‌ಲುಕ್ ಆಗಾಗ ತಾನೇ ವಿಚಾರಿಸುತ್ತಿರುತ್ತದೆ. ಇದಕ್ಕೆ ಆಟೋಡಿಸ್ಕವರ್ ಅಂತ ಹೆಸರು. ವಿಚಾರಿಸುವಾಗ ಅದು ಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಯ ಬಲಕ್ಕಿರುವ ಹೆಸರನ್ನು ಹಿಡಿದು ಮೊದಲು ಆ ಬಾಗಿಲನ್ನೇ ತಟ್ಟುತ್ತದೆ. ಅಲ್ಲಿ ಉತ್ತರ ಸಿಗದಿದ್ದರೆ ಮಾತ್ರ, ಹೆಸರಿನ ಮುಂದೆ ‘ಆಟೋಡಿಸ್ಕವರ್’ ಸೇರಿಸಿ ಮುಂದಿನ ಬಾಗಿಲಿಗೆ ಹೋಗುತ್ತದೆ. ಮೊದಲನೇ ಬಾಗಿಲಲ್ಲಿ ಸಾಮಾನ್ಯವಾಗಿ ಇರುವುದು ಕಂಪನಿಯ ವೆಬ್‌ಸೈಟ್. ಇವರ ಹಳೆಯ ಹೋಸ್ಟಿಂಗ್‌ನಲ್ಲಿ 443ನೇ ಪೋರ್ಟ್, ಅಂದರೆ ಸುರಕ್ಷಿತ ವೆಬ್ ಸಂಪರ್ಕದ ಬಾಗಿಲು, ಮುಚ್ಚಿತ್ತು. ತಟ್ಟಿದರೆ ಸದ್ದಿಲ್ಲ, ಔಟ್‌ಲುಕ್ ಸುಮ್ನೆ ಮುಂದೆ ಹೋಗುತ್ತಿತ್ತು. ಹೊಸ ಹೋಸ್ಟಿಂಗ್‌ನಲ್ಲಿ ಅದು ತೆರೆದಿದೆ. ಆದರೆ ಬಾಗಿಲು ತೆಗೆದು ತೋರಿಸಿದ ಕಾರ್ಡ್‌ನಲ್ಲಿದ್ದದ್ದು ಹೋಸ್ಟಿಂಗ್ ಕಂಪನಿಯ ಹೆಸರು. ಹೊಸ ಸೈಟಿಗೆ ಸರ್ಟಿಫಿಕೇಟ್ ಹಾಕುವುದನ್ನು ಡೆವಲಪರ್ ನಾಳೆ ಮಾಡಿದರಾಯಿತು ಅಂತ ಬಿಟ್ಟಿದ್ದ. ಪಾಪ, ಅವನಿಗೂ ಮೇಲ್‌ನ ಯೋಚನೆಯೇ ಇರಲಿಲ್ಲ.

ನಿಮಗೂ ಇಂಥ ಅನುಮಾನ ಬಂದರೆ ಪತ್ತೆ ಮಾಡುವುದು ಸುಲಭ. ವಿಂಡೋಸ್‌ನಲ್ಲಿ ಕೆಳಗೆ ಗಡಿಯಾರದ ಪಕ್ಕ ಹಳೆಯ (ಕ್ಲಾಸಿಕ್) ಔಟ್‌ಲುಕ್‌ನ ಪುಟ್ಟ ಚಿತ್ರ ಇರುತ್ತದೆ. ಕಂಟ್ರೋಲ್ ಕೀ ಒತ್ತಿ ಹಿಡಿದು ಅದರ ಮೇಲೆ ರೈಟ್ ಕ್ಲಿಕ್ ಮಾಡಿ. ‘ಟೆಸ್ಟ್ ಇ-ಮೇಲ್ ಆಟೋ ಕಾನ್ಫಿಗರೇಷನ್’ ಅನ್ನುವುದು ಸಿಗುತ್ತದೆ. ಅದರ ಲಾಗ್‌ನಲ್ಲಿ ಔಟ್‌ಲುಕ್ ಯಾವ ಯಾವ ಬಾಗಿಲು ತಟ್ಟಿತು, ಎಲ್ಲಿ ಏನು ಉತ್ತರ ಬಂತು ಅನ್ನುವುದೆಲ್ಲ ಸಾಲಾಗಿ ಇರುತ್ತದೆ. ಮೊದಲನೇ ಬಾಗಿಲಿಗೆ ಹೋಗಲೇಬೇಡ ಅಂತ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಬರೆಯಬಹುದು. ಕೆಲವರು ಹದಿನೆಂಟು ಕಂಪ್ಯೂಟರ್‌ಗೂ ಹಾಗೇ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಹತ್ತೊಂಬತ್ತನೇ ಕಂಪ್ಯೂಟರ್ ಬಂದ ದಿನ ಮತ್ತೆ ಫೋನ್ ಬರುತ್ತದೆ. ವೆಬ್‌ಸೈಟಿಗೆ ಅದರ ಸ್ವಂತ ಹೆಸರಿನ ಸರ್ಟಿಫಿಕೇಟ್ ಹಾಕಿಸಿದೆವು, ಅದು ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ, ಸರ್ಟಿಫಿಕೇಟ್ ಕೊಡುವ ಸಂಸ್ಥೆಯಲ್ಲಿ ಪುಕ್ಕಟೆ ಸಿಗುತ್ತದೆ. ಈಗ ಔಟ್‌ಲುಕ್ ಅಲ್ಲಿ ತಟ್ಟಿದರೆ ‘ನೀನು ಕೇಳಿದ್ದು ಇಲ್ಲಿಲ್ಲ’ ಅನ್ನುವ ಉತ್ತರ ಬರುತ್ತದೆ, ಅದು ಮುಂದೆ ಹೋಗುತ್ತದೆ.

ಹೆಸರಿನ ಸಾಲು ಕೆಂಪಾಗಲು ಬೇರೆ ಕಾರಣಗಳೂ ಇವೆ. ಹಲವು ಹೆಸರಿಗೆ ಒಂದೇ ಸಾಕಾಗುವ, ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಒಂದೇ ಮೆಟ್ಟಿಲು ಇಳಿಯುತ್ತದೆ. ಡೊಮೇನ್‌ನ ಮುಂದೆ ‘ಚಾಟ್’ ಸೇರಿಸಿದರೆ ನಡೆಯುತ್ತದೆ, ‘ಹುಬ್ಬಳ್ಳಿ ಚುಕ್ಕಿ ಚಾಟ್’ ಅಂತ ಇನ್ನೊಂದು ಮೆಟ್ಟಿಲು ಇಳಿದರೆ ನಡೆಯುವುದಿಲ್ಲ. ಹಳೆಯ ಆಫೀಸುಗಳಲ್ಲಿ ‘ಲೋಕಲ್’ ಅಂತ ಕೊನೆಯಾಗುವ ಒಳಗಿನ ಹೆಸರುಗಳು ಇನ್ನೂ ಸಿಗುತ್ತವೆ. ಅಂಥ ಹೆಸರಿಗೆ ಸರ್ಟಿಫಿಕೇಟ್ ಕೊಡುವುದನ್ನು ಹೊರಗಿನ ಪ್ರಾಧಿಕಾರಗಳು 2015ರಲ್ಲೇ ನಿಲ್ಲಿಸಿವೆ.

ತಾರೀಖಿನ ಸಾಲು ಕೆಂಪಗಿದ್ದರೆ ನಾನು ಮೊದಲು ಕೇಳುವುದು, ‘ಇದು ಒಬ್ಬರಿಗೋ, ಎಲ್ಲರಿಗೋ?’ ಒಬ್ಬರಿಗೆ ಮಾತ್ರ ಅಂದರೆ ಅವರ ಕಂಪ್ಯೂಟರಿನ ಗಡಿಯಾರ ನೋಡಿ. ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ಸತ್ತಿರುತ್ತದೆ, ಮೆಷಿನ್ ಬೆಳಿಗ್ಗೆ ಎದ್ದು ಹತ್ತು ಹದಿನೈದು ವರ್ಷ ಹಿಂದಿನ ತಾರೀಖು ತೋರಿಸುತ್ತಿರುತ್ತದೆ. ಅದರ ಲೆಕ್ಕದಲ್ಲಿ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಒಂದು ಬಟನ್ ಸೆಲ್ ಹಾಕಿದರೆ ಮುಗಿಯಿತು.

ಎಲ್ಲರಿಗೂ ಬರುತ್ತಿದ್ದರೆ ಸರ್ವರ್‌ನ ಸರ್ಟಿಫಿಕೇಟೇ ಮುಗಿದಿರುತ್ತದೆ. ಇದು ಸಣ್ಣವರಿಗೆ ಮಾತ್ರ ಆಗುವ ಎಡವಟ್ಟಲ್ಲ. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ಕೈಕೊಟ್ಟಿತ್ತು. ಲಾಗಿನ್‌ಗೆ ಬೇಕಾದ ಒಂದು ಸರ್ಟಿಫಿಕೇಟ್‌ನ ಅವಧಿ ಮುಗಿದಿತ್ತು ಅಂತ ಕಂಪನಿಯೇ ಹೇಳಿತು. ಅದಕ್ಕೂ ಮುಂಚೆ, 2018ರ ಡಿಸೆಂಬರ್‌ನಲ್ಲಿ, ಎರಿಕ್ಸನ್ ಉಪಕರಣದ ಸಾಫ್ಟ್‌ವೇರ್‌ನಲ್ಲಿ ಸರ್ಟಿಫಿಕೇಟ್ ಅವಧಿ ಮುಗಿದು ಬ್ರಿಟನ್ನಿನ ಓಟೂ ಮೊಬೈಲ್ ಕಂಪನಿಯ ಗ್ರಾಹಕರಿಗೆ ಡೇಟಾ ನಿಂತುಹೋಗಿತ್ತು.

ಇದರಲ್ಲಿ ನನ್ನನ್ನೇ ಒಮ್ಮೆ ಯಾಮಾರಿಸಿದ್ದು ಇನ್ನೊಂದು ರೀತಿ. ಆಫೀಸಿನೊಳಗೇ ನಡೆಸುವ ಒಂದು ಚಾಟ್ ಸರ್ವರ್. ಸರ್ಟಿಫಿಕೇಟ್ ತಾನೇ ನವೀಕರಣ ಆಗುವ ಹಾಗೆ ನಾನೇ ಮಾಡಿಟ್ಟಿದ್ದೆ. ಎಚ್ಚರಿಕೆ ಬಂತು ಅಂದರು. ಸರ್ವರ್‌ಗೆ ಹೋಗಿ ಫೈಲ್ ನೋಡಿದರೆ ಹೊಸ ತಾರೀಖೇ ಇದೆ! ಅರ್ಧ ದಿನ ಫೋನುಗಳನ್ನು ಬೈದುಕೊಂಡೆ. ಆಮೇಲೆ ಹೊಳೆಯಿತು. ಡಿಸ್ಕ್‌ನಲ್ಲಿದ್ದದ್ದು ಹೊಸದು, ನಡೆಯುತ್ತಿದ್ದ ವೆಬ್ ಸರ್ವರ್ ಮೆಮೊರಿಯಲ್ಲಿ ಹಿಡಿದು ಕೂತದ್ದು ಹಳೆಯದು. ನವೀಕರಣ ಆದಮೇಲೆ ಸರ್ವರ್ ರೀಲೋಡ್ ಆಗಬೇಕು ಅನ್ನುವ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಆವತ್ತಿನಿಂದ ಫೈಲ್ ನೋಡಿ ನಂಬುವುದನ್ನು ಬಿಟ್ಟಿದ್ದೇನೆ. ಹೊರಗಿನಿಂದ ಸಂಪರ್ಕಿಸಿ, ಸರ್ವರ್ ನಿಜವಾಗಿ ಯಾವ ಕಾರ್ಡ್ ತೋರಿಸುತ್ತಿದೆ ಅಂತ ನೋಡುತ್ತೇನೆ.

ಈ ತೊಂದರೆ ಇನ್ನು ಜಾಸ್ತಿಯಾಗುತ್ತದೆ, ಕಮ್ಮಿಯಲ್ಲ. 2020ರ ಸೆಪ್ಟೆಂಬರ್‌ನಿಂದ ಸರ್ಟಿಫಿಕೇಟ್‌ನ ಗರಿಷ್ಠ ಆಯಸ್ಸು 398 ದಿನ ಇತ್ತು. 2025ರ ಏಪ್ರಿಲ್‌ನಲ್ಲಿ ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ ಸೇರಿ ಅದನ್ನು ಹಂತಹಂತವಾಗಿ ಇಳಿಸಲು ತೀರ್ಮಾನಿಸಿದರು. 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ ಅದೇ ತಾರೀಖಿನಿಂದ 100, 2029ರ ಮಾರ್ಚ್ 15ರಿಂದ 47. ಅವಧಿ ಮುಗಿಯುತ್ತಿದೆ ಅಂತ ಮೇಲ್ ಮಾಡಿ ನೆನಪಿಸುತ್ತಿದ್ದ ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ಅದನ್ನೂ ನಿಲ್ಲಿಸಿತು. ವರ್ಷಕ್ಕೊಮ್ಮೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಕೈಯಾರೆ ಸರ್ಟಿಫಿಕೇಟ್ ಬದಲಾಯಿಸುವ ಆಫೀಸುಗಳು ನನಗೆ ಸುಮಾರು ಗೊತ್ತು. 47 ದಿನಕ್ಕೊಮ್ಮೆ ಅದನ್ನು ಕೈಯಲ್ಲಿ ಮಾಡುತ್ತಾ ಕೂತರೆ ಬೇರೆ ಕೆಲಸ ಆಗಲಿಕ್ಕಿಲ್ಲ.

ಇನ್ನು ಮೂರನೆಯದು, ಕೊಟ್ಟವರು ಯಾರು ಅನ್ನುವ ಸಾಲು. ಜನ ಕಣ್ಣೆತ್ತಿಯೂ ನೋಡದ ಸಾಲು ಇದು. ನಾನು ಜಾಸ್ತಿ ಹೆದರುವುದೂ ಇದಕ್ಕೇ.

ಹೆದರಬೇಕಿಲ್ಲದ ಕಾರಣವನ್ನು ಮೊದಲು ಹೇಳುತ್ತೇನೆ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಚಾಟ್ ಚೆನ್ನಾಗಿ ತೆರೆಯುತ್ತದೆ, ಫೋನಿನ ಆ್ಯಪ್ ಮಾತ್ರ ನಂಬುವುದಿಲ್ಲ. ಇಲ್ಲಿ ತಪ್ಪು ಫೋನಿನದಲ್ಲ. ಮೂಲ ಪ್ರಾಧಿಕಾರ ನಿಮ್ಮ ಸರ್ವರ್‌ಗೆ ನೇರವಾಗಿ ಸಹಿ ಹಾಕುವುದಿಲ್ಲ, ನಡುವೆ ಇಂಟರ್‌ಮೀಡಿಯೇಟ್ ಅಂತ ಒಂದು ಇರುತ್ತದೆ. ಸರ್ವರ್ ತನ್ನದರ ಜೊತೆಗೆ ಅದನ್ನೂ ಕಳಿಸಬೇಕು. ಕಳಿಸದಿದ್ದರೆ ಬ್ರೌಸರ್ ತಾನೇ ಎಲ್ಲಿಂದಲೋ ಹುಡುಕಿ ತಂದುಕೊಳ್ಳುತ್ತದೆ, ಫೋನಿನ ಆ್ಯಪ್‌ಗಳು ಸಾಮಾನ್ಯವಾಗಿ ಆ ಕಷ್ಟ ತೆಗೆದುಕೊಳ್ಳುವುದಿಲ್ಲ. ಸರ್ಟಿಫಿಕೇಟ್ ತಂದುಕೊಡುವ ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ಬಳಸುವವರು ‘ಸರ್ಟ್’ ಅನ್ನುವ ಫೈಲ್ ಕೊಟ್ಟಿದ್ದರೆ ಅದರ ಬದಲು ‘ಫುಲ್‌ಚೈನ್’ ಕೊಡಬೇಕು. ಒಂದು ಪದದ ತಿದ್ದುಪಡಿ.

ಎರಡನೆಯದು ಆಫೀಸಿನ ಫೈರ್‌ವಾಲ್. ಒಳಗೆ ಹೊರಗೆ ಹೋಗುವುದನ್ನೆಲ್ಲ ಬಿಚ್ಚಿ ನೋಡುವ ವ್ಯವಸ್ಥೆ ಕೆಲವು ಕಡೆ ಇರುತ್ತದೆ. ಬಿಚ್ಚಿದ ಮೇಲೆ ಫೈರ್‌ವಾಲ್ ತನ್ನದೇ ಸಹಿ ಹಾಕಿ ಮುಚ್ಚುತ್ತದೆ. ಕಂಪನಿಯ ಲ್ಯಾಪ್‌ಟಾಪ್‌ಗಳಿಗೆ ಆ ಸಹಿಯನ್ನು ನಂಬು ಅಂತ ಮೊದಲೇ ಹೇಳಿಟ್ಟಿರುತ್ತಾರೆ. ನಿಮ್ಮ ಸ್ವಂತ ಫೋನಿಗೆ ಯಾರು ಹೇಳಿದ್ದಾರೆ? ನೀವೇ ಸರ್ಟಿಫಿಕೇಟ್ ಹಾಕಿಕೊಂಡರೂ, ಆಂಡ್ರಾಯ್ಡ್ 7ರಿಂದ ಈಚೆಗೆ, ಆ್ಯಪ್ ಮಾಡಿದವರು ಒಪ್ಪದ ಹೊರತು ಆ್ಯಪ್ ಅದನ್ನು ನಂಬುವುದಿಲ್ಲ. ಆಫೀಸ್ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಎಚ್ಚರಿಕೆ ಮಾಯವಾದರೆ ನಡುವೆ ಯಾರೋ ಇದ್ದಾರೆ ಅಂತ ಅರ್ಥ. ಆಫೀಸಿನಲ್ಲಾದರೆ ಆ ‘ಯಾರೋ’ ನಿಮ್ಮದೇ ಐಟಿಯವರು. ಹೋಟೆಲ್‌ನಲ್ಲೋ ಏರ್‌ಪೋರ್ಟ್‌ನಲ್ಲೋ ಆದರೆ ಲಾಗಿನ್ ಕೇಳುವ ಪುಟ ಇರಬಹುದು. ಇನ್ನೇನೋ ಕೂಡ ಇರಬಹುದು. ಅಲ್ಲಿ ಯೆಸ್ ಒತ್ತಲೇಬೇಡಿ.

ಅತಿ ಆಯಿತು ಅನ್ನಿಸಿದರೆ 2014ರ ಜುಲೈ ನೆನಪಿಸಿಕೊಳ್ಳಿ. ಗೂಗಲ್‌ನ ಕೆಲವು ಡೊಮೇನ್‌ಗಳ ಹೆಸರಿನಲ್ಲಿ ಗೂಗಲ್ ಕೇಳದೇ ಇದ್ದ ಸರ್ಟಿಫಿಕೇಟ್‌ಗಳು ಪತ್ತೆಯಾದವು. ಅವು ಹೊರಬಂದದ್ದು ಕೇಂದ್ರ ಸರ್ಕಾರದ ಐಟಿ ಸಂಸ್ಥೆ, ನಮ್ಮದೇ ಎನ್‌ಐಸಿಯಿಂದ. ಎನ್‌ಐಸಿಗೆ ಸರ್ಟಿಫಿಕೇಟ್ ಕೊಡುವ ಅಧಿಕಾರ ಕೊಟ್ಟಿದ್ದ, ಭಾರತದಲ್ಲಿ ಇಂಥ ಸಂಸ್ಥೆಗಳನ್ನು ನಿಯಂತ್ರಿಸುವ ಸಿಸಿಎ ಆಗ ಮೈಕ್ರೋಸಾಫ್ಟ್‌ನ ನಂಬಿಕೆಯ ಪಟ್ಟಿಯಲ್ಲಿತ್ತು. ಹಾಗಾಗಿ ವಿಂಡೋಸ್‌ನ ಎಷ್ಟೋ ಪ್ರೋಗ್ರಾಂಗಳು ಅವನ್ನು ತುಟಿ ಪಿಟಕ್ಕೆನ್ನದೆ ಒಪ್ಪುತ್ತಿದ್ದವು. ಫೈರ್‌ಫಾಕ್ಸ್‌ನ ಪಟ್ಟಿ ಬೇರೆ, ಅದರಲ್ಲಿ ಸಿಸಿಎ ಇರಲಿಲ್ಲ. ಸಿಸಿಎ ಬೇಗನೆ ಎನ್‌ಐಸಿಯ ಇಂಟರ್‌ಮೀಡಿಯೇಟ್ ಸರ್ಟಿಫಿಕೇಟ್‌ಗಳನ್ನೇ ರದ್ದು ಮಾಡಿತು. ಎಚ್ಚರಿಕೆಯೇ ಬರದೆ ಮೋಸ ಹೋಗುವ ಸಾಧ್ಯತೆ ಇದ್ದ ಪ್ರಸಂಗ ಅದು. ನಿಮ್ಮ ಪರದೆ ಮೇಲೆ ಎಚ್ಚರಿಕೆ ಬಂದಿದೆ ಅಂದರೆ ನೀವು ಪುಣ್ಯವಂತರು ಅಲ್ವಾ?

ಐಟಿಯವರಿಗೆ ಫೋನ್ ಮಾಡುವ ಮುಂಚೆ ‘ವ್ಯೂ ಸರ್ಟಿಫಿಕೇಟ್’ ಒತ್ತಿ, ಎರಡೂ ಕಿಟಕಿ ಕಾಣುವ ಹಾಗೆ ಒಂದು ಫೋಟೊ ತೆಗೆದುಕೊಳ್ಳಿ. ಯಾವ ನೆಟ್‌ವರ್ಕ್, ಪಕ್ಕದವರಿಗೂ ಬರುತ್ತಿದೆಯಾ, ಇಷ್ಟು ಜೊತೆಗೆ ಬರೆಯಿರಿ. ‘ಏನೋ ಎರರ್’ ಅನ್ನುವ ಮೆಸೇಜಿಗಿಂತ ಅದಕ್ಕೆ ಉತ್ತರ ಬೇಗ ಬರುತ್ತದೆ.

ಪೀಣ್ಯದ ಮೇಡಂ ಮೊನ್ನೆ ಅಂಥ ಫೋಟೊ ಕಳಿಸಿದರು. ಈ ಸಲ ಕೆಂಪಗಿದ್ದದ್ದು ತಾರೀಖಿನ ಸಾಲು, ಅವರೊಬ್ಬರ ಮೆಷಿನ್‌ನಲ್ಲಿ ಮಾತ್ರ. ಕೆಳಗೆ ಬರೆದಿದ್ದರು: “ನಾನೇನೂ ಮುಟ್ಟಿಲ್ಲ ಸರ್. ಗಡಿಯಾರ 2012 ಅಂತಿದೆ. ಸೆಲ್ ತರಿಸಲಾ?”