ಜೋಡಿ ಗುಲಾಮ ಬಂದಾಗ ಏರಿಸಬೇಕೋ, ಕಾಲ್ ಮಾಡಿ ಕಾಯಬೇಕೋ?

ಪ್ರಶ್ನೆ: ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ (ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು) ಕೈಗೆ ಎರಡು ಗುಲಾಮ ಬಂದರೆ ಪ್ರತಿ ಸಲ ಗೊಂದಲ. ರೇಸ್ ಮಾಡಿದರೆ (ಪಣ ಏರಿಸಿದರೆ) ಫ್ಲಾಪಿನಲ್ಲಿ, ಅಂದರೆ ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆಗಳಲ್ಲಿ, ರಾಣಿಯೋ ಎಕ್ಕವೋ ಬಂದು ಕೂರುತ್ತೆ. ಬರೀ ಕಾಲ್ ಮಾಡಿದರೆ (ಇರುವ ಪಣಕ್ಕೆ ಸರಿಗಟ್ಟಿದರೆ) ನಾಲ್ಕು ಜನ ಒಳಗೆ ನುಗ್ಗುತ್ತಾರೆ. ಏನು ಮಾಡೋದು?

ಉತ್ತರ: ನಿಮಗಿಂತ ಮೊದಲು ಯಾರೂ ರೇಸ್ ಮಾಡಿಲ್ಲದಿದ್ದರೆ ಅನುಮಾನವೇ ಬೇಡ, ರೇಸ್ ಮಾಡಿ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಪಣ) 50/100 ಇದ್ದರೆ 300; ಬರೀ ಕಾಲ್ ಮಾಡಿ ಒಳಬಂದವರಿದ್ದರೆ ತಲೆಗೆ ಇನ್ನೊಂದು 100. (ಲೆಕ್ಕವೆಲ್ಲ ಬರೀ ಚಿಪ್‌ಗಳದ್ದು, ಅಂದರೆ ಆಟದ ಬಿಲ್ಲೆಗಳದ್ದು; ಹಣದ್ದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಕಾಯ್ದೆ ನಿಷೇಧಿಸಿದೆ.)

ರಾಣಿ, ರಾಜ, ಎಕ್ಕಗಳಲ್ಲಿ ಒಂದಾದರೂ ಫ್ಲಾಪಿಗೆ ಬೀಳುವ ಸಾಧ್ಯತೆ ಶೇ 57. ಅದನ್ನು ನೀವು ತಡೆಯಲಾರಿರಿ. ಆದರೆ ಬಿದ್ದ ಎಲೆ ಎದುರಾಳಿಯ ಕೈಗೂ ಹೊಂದಬೇಕಲ್ಲ? ಒಬ್ಬರೇ ಇದ್ದರೆ ಬಹಳ ಸಲ ಹೊಂದುವುದಿಲ್ಲ. ನಾಲ್ವರಿದ್ದರೆ ಯಾರಿಗಾದರೂ ಹೊಂದಿರುವ ಸಂಭವವೇ ಹೆಚ್ಚು. ಗುಲಾಮ ಕೈಕೊಡುತ್ತಾನೆ ಎಂದು ಗೊಣಗುವವರಲ್ಲಿ ಹೆಚ್ಚಿನವರು ಅಗ್ಗದಲ್ಲಿ ಫ್ಲಾಪ್ ನೋಡಲು ಹೋದವರೇ.

ಮೊದಲೇ ಒಬ್ಬರು 300 ಹಾಕಿದ್ದರೆ? ಅವರ ನಂತರ ಆಡುವ ಜಾಗದಲ್ಲಿದ್ದರೆ 900ಕ್ಕೆ ಏರಿಸಿ, ಬ್ಲೈಂಡಿನಲ್ಲಿ ಕೂತಿದ್ದರೆ 1,100. ಅಪರೂಪಕ್ಕೆ ಆಡುವ ಆಸಾಮಿ ಮೊದಲ ಜಾಗದಿಂದಲೇ ರೇಸ್ ಮಾಡಿದ್ದರೆ ಮಾತ್ರ ಕಾಲ್ ಸಾಕು.

ದೊಡ್ಡ ನಷ್ಟವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇಬ್ಬರ ಬಳಿಯೂ 10,000 ಇದೆ, ನಿಮ್ಮ 900ಕ್ಕೆ ಆತ 2,200 ಎಂದ. ಸಿಟ್ಟಿಗೆದ್ದು ಆಲ್-ಇನ್ ಹೋದರೆ (ಇರುವ ಚಿಪ್ ಎಲ್ಲ ಹಾಕಿದರೆ) ಕಾಲ್ ಕೊಡುವವರು ಯಾರು? ಹುಷಾರಾಗಿ ಆಡುವವನಾದರೆ ರಾಣಿ, ರಾಜ, ಎಕ್ಕದ ಜೋಡಿ ಅಥವಾ ಎಕ್ಕ-ರಾಜ, ಅಷ್ಟೇ. ಆ ಜೋಡಿಗಳು 18 ಬಗೆಯಲ್ಲಿ ಬರಬಹುದು. ಅವುಗಳ ಎದುರು ನೀವು ಗೆಲ್ಲುವುದು ನೂರಕ್ಕೆ ಸುಮಾರು 19 ಸಲ. ಎಕ್ಕ-ರಾಜ 16 ಬಗೆ. ಅಲ್ಲಿ 56ರ ಆಸುಪಾಸು. ಒಟ್ಟು ಸೇರಿಸಿದರೆ ಶೇ 36–37. ಹಾಗಾಗಿ ಇನ್ನು 1,300 ಹಾಕಿ ಫ್ಲಾಪ್ ನೋಡಿ, ಆತ ತೀರಾ ಬಿಗಿ ಆಟಗಾರನಾದರೆ ಫೋಲ್ಡ್ ಮಾಡಿ (ಎಲೆ ಬಿಟ್ಟುಕೊಡಿ). ನಿಮ್ಮ ಬಳಿ ಬರೀ 2,000 ಉಳಿದಿದ್ದರೆ ಲೆಕ್ಕ ತಿರುಗುತ್ತದೆ: ಆಗ ಹತ್ತು, ಒಂಬತ್ತರ ಜೋಡಿ, ಎಕ್ಕ-ರಾಣಿ ಇರುವವರೂ ಕಾಲ್ ಕೊಡುತ್ತಾರೆ. ಯೋಚಿಸದೆ ಆಲ್-ಇನ್.

ಫ್ಲಾಪಿನ ನಂತರ. ಎದುರಿಗೆ ಒಬ್ಬರೇ, ಪಾಟ್‌ನಲ್ಲಿ (ನಡುವೆ ಸೇರಿದ ಒಟ್ಟು ಪಣ) 650, ಬಿದ್ದದ್ದು ರಾಜ-7-2 ಎನ್ನಿ. 200 ಹಾಕಿ ನೋಡಿ. ಕಾಲ್ ಬಂದರೆ ಮುಂದಿನ ಎಲೆಗೆ ಚೆಕ್ (ಪಣ ಹಾಕದೆ ಸರದಿ ದಾಟಿಸುವುದು). ರೇಸ್ ಬಂದರೆ ಕೈಬಿಡಿ, 'ಬ್ಲಫ್ ಇರಬಹುದು' ಎಂಬ ಕುತೂಹಲಕ್ಕೆ ಚಿಪ್ ಸುರಿಯಬೇಡಿ. 9-6-2 ಬಿದ್ದರೆ ಉಲ್ಟಾ: 400–450 ಹಾಕಿ. ಕಾಣದ 47 ಎಲೆಗಳಲ್ಲಿ 12 ನಿಮಗಿಂತ ದೊಡ್ಡವು. ಎಕ್ಕ-ರಾಣಿ ಹಿಡಿದವರಿಗೆ ಮುಂದಿನ ಎಲೆ ಪುಕ್ಕಟೆ ತೋರಿಸಬಾರದು. ಆದರೆ ಎದುರಿಗೆ ಇಬ್ಬರು ಮೂವರಿದ್ದು, 8-7-6 ಬಿದ್ದು ಅದರಲ್ಲಿ ಎರಡು ಎಲೆ ಒಂದೇ ಜಾತಿಯವು (ಇಸ್ಪೀಟು ಎನ್ನಿ) ಆಗಿದ್ದರೆ ಚೆಕ್ ಮಾಡಿ ಪಾಟ್ ಚಿಕ್ಕದಾಗಿಡುವುದು ಮೇಲು.

ಮೂರನೇ ಗುಲಾಮ ಫ್ಲಾಪಿನಲ್ಲೇ ಸಿಗುವುದು ಶೇ 12ರಷ್ಟು. ಸಿಕ್ಕಾಗ ಅವಿತು ಕೂರಬೇಡಿ. ಎಕ್ಕ-ಗುಲಾಮ-4 ಬಿದ್ದಿದ್ದರೆ ಎಕ್ಕ-ರಾಜ ಹಿಡಿದವರು ಮೂರೂ ಸುತ್ತು ಕಾಲ್ ಕೊಡುತ್ತಾರೆ. ಮೊದಲ ಸುತ್ತು ಚೆಕ್ ಮಾಡಿದರೆ ಒಂದು ಸುತ್ತಿನ ಚಿಪ್ ಹೋಯಿತು.