ಪ್ರಾರ್ಥನೆಯೇ ಬಾರದ ದಿನಗಳಲ್ಲಿ

"ಮೇಡಂ, ಮೊಣಕಾಲೂರಿ ಕೂತ್ಕೋತೀನಿ. ಒಂದು ಮಾತೂ ಬರಲ್ಲ. ದೇವರು ನನ್ನನ್ನ ಬಿಟ್ಟುಬಿಟ್ಟಿದ್ದಾರೆ ಅನ್ಸುತ್ತೆ."

ಹೀಗೆ ಹೇಳಿದವರು ಲಿಂಗರಾಜಪುರದ ಕಡೆಯಿಂದ ಬಂದ ಒಬ್ಬ ಹೆಂಗಸು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಸಂಡೇ ಸ್ಕೂಲಿನಲ್ಲಿ 18 ವರ್ಷ ಮಕ್ಕಳಿಗೆ ಕಲಿಸಿದವರು. ಅವರ ಚರ್ಚಿನ ಸಭೆಯಲ್ಲಿ ಯಾರ ಮನೆಯಲ್ಲಿ ಕಾಯಿಲೆಯಾದರೂ ಪ್ರಾರ್ಥನೆಗೆ ಮೊದಲು ಕರೆಯುವುದು ಇವರನ್ನೇ. ಈಗ ನಾಲ್ಕು ತಿಂಗಳಿಂದ ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಊಟ ಸೇರುವುದಿಲ್ಲ. ತೂಕ ಏಳು ಕಿಲೋ ಇಳಿದಿದೆ. ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಅಂತ ಮರೆತು ನಿಂತುಬಿಡುತ್ತಾರೆ. ಪಕ್ಕದಲ್ಲಿ ಕೂತಿದ್ದ ಗಂಡ ಇದನ್ನೆಲ್ಲ ಹೇಳಿದರು. ಅಕ್ಕನಿಗೆ ಇದ್ಯಾವುದೂ ದೊಡ್ಡದಾಗಿ ಕಾಣಲಿಲ್ಲ. ಅವರಿಗೆ ತಡೆಯಲಾಗದೆ ಇದ್ದದ್ದು ಪ್ರಾರ್ಥನೆ ನಿಂತುಹೋದದ್ದು.

ಬೆಂಗಳೂರಿನಲ್ಲಿ ಮನೋವೈದ್ಯೆಯಾಗಿ ನನಗೆ ಇಪ್ಪತ್ತು ವರ್ಷ ದಾಟಿದೆ. ನಾನೂ ಕ್ರೈಸ್ತಳೇ. ಕಾರ್ಪೊರೇಷನ್ ಸರ್ಕಲ್ ಹತ್ತಿರದ ಹಡ್ಸನ್ ಚರ್ಚಿನಲ್ಲಿ, ಹೊರಗೆ ಬಸ್ಸುಗಳ ಸದ್ದು, ಒಳಗೆ ಕನ್ನಡ ಕೀರ್ತನೆ, ಹಾಗೆ ಬೆಳೆದವಳು. ಇಂಥ ಮಾತು ನನಗೆ ಹೊಸದಲ್ಲ. ಆದರೂ ಪ್ರತಿ ಸಲ ಸಂಕಟವಾಗುತ್ತದೆ. ಯಾಕೆಂದರೆ ಇವರು ಎರಡು ಹೊರೆ ಹೊತ್ತು ಬಂದಿರುತ್ತಾರೆ. ಒಂದು ಕಾಯಿಲೆ. ಇನ್ನೊಂದು, ನನಗೆ ವಿಶ್ವಾಸ ಸಾಲದ್ದಕ್ಕೇ ಹೀಗಾಯಿತು ಅನ್ನುವ ನಾಚಿಕೆ. ಈ ಎರಡನೆಯದನ್ನು ಎಷ್ಟೋ ಸಲ ನಾವೇ, ಸಭೆಯವರೇ, ಅವರ ತಲೆಗೆ ಏರಿಸಿರುತ್ತೇವೆ.

ಖಿನ್ನತೆ ಅಂದರೆ ಬರೀ ದುಃಖ ಅಲ್ಲ. ಕನಿಷ್ಠ ಎರಡು ವಾರ, ದಿನದ ಬಹುಪಾಲು ಹೊತ್ತು, ಮನಸ್ಸು ಕುಗ್ಗಿರುತ್ತದೆ. ಇಲ್ಲವೇ ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ಜೊತೆಗೆ ನಿದ್ದೆ, ಹಸಿವು, ಮೈಯ ಶಕ್ತಿ, ಗಮನ ಎಲ್ಲ ಕೆಡುತ್ತವೆ. ಎಲ್ಲದಕ್ಕೂ ನನ್ನದೇ ತಪ್ಪು ಅನಿಸುತ್ತದೆ. ಬದುಕು ಸಾಕು ಅನಿಸುತ್ತದೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬಂದಿರುತ್ತದೆ. ಭಾನುವಾರದ ಆರಾಧನೆಗೆ 200 ಜನ ಸೇರಿದ್ದಾರೆ ಅಂದುಕೊಳ್ಳಿ. ಅವರಲ್ಲಿ ಹತ್ತು ಜನ ಈ ದಾರಿಯಲ್ಲಿ ನಡೆದವರು ಇರಬಹುದು. ನೋಡಿದರೆ ಗೊತ್ತಾಗುವುದಿಲ್ಲ.

ಈಗ ಯೋಚಿಸಿ. ಪ್ರಾರ್ಥನೆಗೆ ಏನು ಬೇಕು? ಗಮನ ಬೇಕು. ಮಾತು ಬೇಕು. ಕೇಳುವವರಿದ್ದಾರೆ ಅನ್ನುವ ಭರವಸೆ ಬೇಕು. ಖಿನ್ನತೆ ಕೈ ಹಾಕುವುದೇ ಇವಕ್ಕೆ. ಸತ್ಯವೇದ, ಅಂದರೆ ಬೈಬಲ್, ತೆರೆದರೆ ಒಂದೇ ವಚನವನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಯಾವ ಹಾಡಿಗೆ ಕಣ್ಣು ತುಂಬುತ್ತಿತ್ತೋ ಅದೇ ಹಾಡು ಸುಮ್ನೆ ಸದ್ದಾಗಿ ಕೇಳಿಸುತ್ತದೆ. ನಾನು ಅಕ್ಕನನ್ನು ಕೇಳಿದೆ, "ಬೆಳಗ್ಗೆ ಕಾಫಿ ರುಚಿ ಅನ್ಸುತ್ತಾ?" ಇಲ್ಲ ಅಂದರು. "ಮೊಮ್ಮಗು ಬಂದ್ರೆ ಖುಷಿಯಾಗುತ್ತಾ?" ಅದಕ್ಕೆ ಅತ್ತರು. ಆಮೇಲೆ ಹೇಳಿದೆ: "ಕಾಫಿಪುಡಿ ಅದೇ ಇದೆ ಅಕ್ಕ. ಮೊಮ್ಮಗೂ ಅದೇ. ರುಚಿ ತಿಳಿಯೋ ಶಕ್ತಿಗೆ ಹುಷಾರಿಲ್ಲ. ದೇವರ ವಿಷಯದಲ್ಲೂ ಆಗಿರೋದು ಇದೇ." ಅವರು ತಕ್ಷಣ ಒಪ್ಪಲಿಲ್ಲ. ಆದರೆ ಗಂಡನ ಕಡೆ ಒಂದು ಸಲ ನೋಡಿದರು.

ಇದು ತೀವ್ರವಾದಾಗ ಇನ್ನೊಂದು ಹೆದರಿಕೆ ಬರುತ್ತದೆ. ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಪವಿತ್ರಾತ್ಮನ ದೂಷಣೆಗೆ ಕ್ಷಮೆ ಇಲ್ಲ ಅನ್ನುವ ಮಾತಿದೆ. ಖಿನ್ನತೆಯಲ್ಲಿ ಇರುವವರು ಅದನ್ನು ಹಿಡಿದುಕೊಂಡು, "ನಾನು ಮಾಡಿರೋದು ಆ ಪಾಪವೇ" ಅಂತ ನಂಬಿಬಿಡುತ್ತಾರೆ. ಯಾವಾಗ, ಏನು ಮಾಡಿದಿರಿ ಅಂದರೆ ಹೇಳಲು ಬರುವುದಿಲ್ಲ. ಪಾಸ್ಟರ್ ಸಮಾಧಾನ ಹೇಳುತ್ತಾರೆ, ಫಾದರ್ ಹತ್ತಿರ ನಾಲ್ಕು ಸಲ ಪಾಪನಿವೇದನೆ ಆಗಿರುತ್ತದೆ. ಒಂದು ಗಂಟೆ ನೆಮ್ಮದಿ, ಮತ್ತೆ ಅದೇ. ಹೀಗಾದರೆ ಇನ್ನೊಂದು ಸಲ ನಿವೇದನೆಗೆ ಕಳಿಸಬೇಡಿ. ಡಾಕ್ಟರ ಹತ್ತಿರ ಕಳಿಸಿ. ನಿಜವಾದ ಪಶ್ಚಾತ್ತಾಪಕ್ಕೆ ಕ್ಷಮೆ ಸಿಕ್ಕಾಗ ಮನಸ್ಸು ಹಗುರಾಗುತ್ತದೆ. ಕಾಯಿಲೆ ಹುಟ್ಟಿಸಿದ ತಪ್ಪಿತಸ್ಥ ಭಾವಕ್ಕೆ ಎಷ್ಟು ಕ್ಷಮೆ ಸುರಿದರೂ ಸಾಲುವುದಿಲ್ಲ.

ಅಕ್ಕನಿಗೆ ಸಭೆಯ ಹಿರಿಯರೊಬ್ಬರು 21 ದಿನ ಉಪವಾಸ ಪ್ರಾರ್ಥನೆ ಮಾಡಲು ಹೇಳಿದ್ದರಂತೆ. ಪ್ರೀತಿಯಿಂದಲೇ ಹೇಳಿದ್ದು. ಏಳು ಕಿಲೋ ಇಳಿದ ಮೈಗೆ ಉಪವಾಸ! ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ಎಲೀಯ. 1 ಅರಸುಗಳು, 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ. ಅದರ ಬೆನ್ನಿಗೇ ಜೀವ ಉಳಿಸಿಕೊಳ್ಳಲು ಓಡಿಹೋಗಿ, ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡುತ್ತಾನೆ. ದೇವರು ಏನು ಮಾಡಿದರು? ಬೈಯಲಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ಅವನು ಮಲಗಿದ. ದೂತ ಬಂದು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣಿಸಿದ. ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಅಂದ. ಹೋರೇಬ್ ಬೆಟ್ಟದಲ್ಲಿ ದೇವರ ಜೊತೆ ಮಾತುಕತೆ ನಡೆದದ್ದು ಆಮೇಲೆ, 40 ದಿನ ನಡೆದ ಮೇಲೆ. ಮೊದಲು ಊಟ, ಮೊದಲು ನಿದ್ದೆ.

ಹಾಗಾಗಿ ಖಿನ್ನತೆ ಇರುವವರಿಗೆ ನಾನು ಉಪವಾಸ ಬೇಡ ಅನ್ನುತ್ತೇನೆ. ಇಡೀ ರಾತ್ರಿ ಪ್ರಾರ್ಥನೆಯೂ ಬೇಡ. ಮನಸ್ಸು ಕೆಲವು ಕಾಲ ಕುಗ್ಗಿ, ಕೆಲವು ಕಾಲ ಅತಿಯಾಗಿ ಉಬ್ಬುವ ಬೈಪೋಲಾರ್ ಕಾಯಿಲೆ ಇದ್ದರಂತೂ ಒಂದು ರಾತ್ರಿಯ ನಿದ್ದೆಗೇಡು ಉನ್ಮಾದಕ್ಕೆ ದಾರಿಯಾಗಬಹುದು. ಆ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರನ್ನೂ ಬಿಟ್ಟು ಉಪವಾಸ ಕೂತರೆ, ರಕ್ತದಲ್ಲಿ ಔಷಧಿಯ ಮಟ್ಟ ಏರಿ ವಿಷವಾಗಬಹುದು. ಈಸ್ಟರ್‌ಗೆ ಮುಂಚೆ ಉಪವಾಸ ಮಾಡುವ ಲೆಂಟ್ ಕಾಲದಲ್ಲಿ ಈ ಮಾತನ್ನು ಪ್ರತಿ ವರ್ಷ ಹೇಳುತ್ತೇನೆ.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು. ಪ್ರಾಕ್ಟೀಸ್ ಶುರುಮಾಡಿದ ಹೊಸದರಲ್ಲಿ ರೋಗಿಗಳ ಪ್ರಾರ್ಥನೆಯ ವಿಷಯ ನಾನು ಕೇಳುತ್ತಲೇ ಇರಲಿಲ್ಲ. ಅದು ಅವರ ಸ್ವಂತ ವಿಷಯ ಅಂದುಕೊಂಡಿದ್ದೆ. ಒಬ್ಬ ಹುಡುಗ ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದ. ಒಂದು ಸ್ವಸ್ಥತೆಯ ಕೂಟದಲ್ಲಿ, ಗುಣವಾಗಿದೆ ಅಂತ ನಂಬಿದರೆ ಮಾತ್ರೆ ಬಿಸಾಡಬೇಕು ಅಂತ ಹೇಳಿದರು. ಅವನು ಬಿಸಾಡಿದ. ವೇದಿಕೆಯ ಮೇಲೆ ಸಾಕ್ಷಿಯನ್ನೂ ಹೇಳಿದ. ಆರು ವಾರಕ್ಕೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಿತು. ಅವನ ತಾಯಿ ನನ್ನನ್ನು ಕೇಳಿದರು, "ನೀವೂ ನಂಬೋರೇ ಅಲ್ವಾ? ಮೊದಲೇ ಒಂದು ಮಾತು ಹೇಳಬಾರದಿತ್ತಾ?" ಹೇಳಬೇಕಿತ್ತು. ಅವತ್ತಿನಿಂದ ಮೊದಲ ಭೇಟಿಯಲ್ಲೇ ಕೇಳುತ್ತೇನೆ: ಪ್ರಾರ್ಥನೆ ಮಾಡ್ತೀರಾ? ಈಗ ಹೇಗಿದೆ? ಮಾತ್ರೆ ಬಗ್ಗೆ ನಿಮ್ಮ ಸಭೆಯವರು ಏನಂತಾರೆ?

ಮಾತ್ರೆ ವಿಶ್ವಾಸಕ್ಕೆ ವಿರೋಧ ಅಲ್ಲ. ಸತ್ಯವೇದದಲ್ಲಿ ಅಪೊಸ್ತಲ ಪೌಲನ ಜೊತೆಗಾರ ಲೂಕ ವೈದ್ಯ. ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಪೌಲ ಪ್ರಾರ್ಥನೆಯೊಂದನ್ನೇ ಬರೆದುಕೊಡಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ನಮ್ಮ ಊರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಶುರುಮಾಡಿದವರು ಕ್ರೈಸ್ತ ಸನ್ಯಾಸಿನಿಯರು. ಪ್ರಾರ್ಥನೆ ಸಾಕು ಅಂತ ಅವರು ಅಂದುಕೊಂಡಿದ್ದರೆ ಆ ಆಸ್ಪತ್ರೆ ಇರುತ್ತಿರಲಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು 2ರಿಂದ 4 ವಾರ ಬೇಕು. ಚಟ ಹತ್ತಿಸುವುದಿಲ್ಲ. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು, ತಟ್ಟನೆ ನಿಲ್ಲಿಸಬಾರದು. ಶುರುವಿನಲ್ಲೇ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸುತ್ತೇವೆ, ಅದು ಕಡಿಮೆಯಾದರೂ ಹೀಗೇ ಕಾಣುತ್ತದೆ.

ಹಾಗಾದರೆ ಪ್ರಾರ್ಥನೆಯಿಂದ ಏನು ಸಿಗುತ್ತದೆ? ತುಂಬ ಸಿಗುತ್ತದೆ. ಆದರೆ ಯಾವ ದೇವರಿಗೆ ಪ್ರಾರ್ಥಿಸುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಕಷ್ಟದಲ್ಲಿ ದೇವರು ನನ್ನ ಜೊತೆಗಿದ್ದಾನೆ ಅಂದುಕೊಳ್ಳುವವರಿಗೆ ಧರ್ಮ ಆಸರೆಯಾಗುತ್ತದೆ. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಅಂದುಕೊಳ್ಳುವವರ ಸಂಕಟ ಜಾಸ್ತಿಯಾಗುತ್ತದೆ. ನನ್ನ ಕೋಣೆಯಲ್ಲೂ ನಾನು ಕಂಡದ್ದು ಇದನ್ನೇ.

ಖಿನ್ನತೆಯಲ್ಲಿ ಮನಸ್ಸು ಗಾಣದೆತ್ತಿನ ಹಾಗೆ ಒಂದೇ ಸುತ್ತು ಸುತ್ತುತ್ತದೆ. ನಾನು ಹೀಗೆ, ನನ್ನಿಂದಲೇ ಹೀಗೆ, ಇನ್ನು ಹೀಗೇ. ಎಲ್ಲ ಮಾತೂ ತನಗೆ ತಾನೇ. ಅದೇ ಮಾತನ್ನು ಇನ್ನೊಬ್ಬರ ಕಡೆ ತಿರುಗಿಸಿದರೆ ಅದು ಬೇರೆಯೇ ಆಗುತ್ತದೆ. "ಎಲ್ಲ ಮುಗಿದುಹೋಯ್ತು" ಅನ್ನುವುದಕ್ಕೂ "ನೋಡು, ಎಲ್ಲ ಮುಗಿದುಹೋಯ್ತು, ನೀನು ಎಲ್ಲಿದ್ದೀಯ?" ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಕೇಳುವವರೊಬ್ಬರು ಇದ್ದಾರೆ.

ಸತ್ಯವೇದದ 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಂಥ ಗೋಳಾಟವೇ. 13ನೇ ಕೀರ್ತನೆ ಶುರುವಾಗುವುದೇ ಎಷ್ಟು ಕಾಲ ಅಂತ, ಮೊದಲ ಎರಡು ವಚನದಲ್ಲೇ ನಾಲ್ಕು ಸಲ. 88ನೆಯದು ಇನ್ನೂ ಕತ್ತಲು. ನನ್ನನ್ನು ಪಾತಾಳಕ್ಕೆ ತಳ್ಳಿದವನು ನೀನೇ ಅಂತ ದೇವರ ಮೇಲೇ ದೂರು. ಕೊನೆಯಲ್ಲಾದರೂ ಬೆಳಕು ಬರುತ್ತಾ ಅಂತ ನೋಡಿದರೆ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ತೆಗೆದುಹಾಕಲಿಲ್ಲ, ಕೊನೆಗೊಂದು ಸ್ತೋತ್ರ ಅಂಟಿಸಲಿಲ್ಲ. ನಾನು ಇದನ್ನು ರೋಗಿಗಳಿಗೆ ಜೋರಾಗಿ ಓದಲು ಕೊಡುತ್ತೇನೆ. "ಇದೂ ಸತ್ಯವೇದದಲ್ಲಿ ಇದ್ಯಾ?" ಅಂತ ಎಷ್ಟು ಜನ ಕೇಳಿದ್ದಾರೋ. ನಮ್ಮ ಆರಾಧನೆಗಳಲ್ಲಿ ಸ್ತೋತ್ರವೇ ಜಾಸ್ತಿಯಾಗಿ, ಅಳುವುದಕ್ಕೆ ಜಾಗವೇ ಉಳಿದಿಲ್ಲ ಅಂತ ನನಗೆ ಅನಿಸುತ್ತದೆ.

ಪ್ರಾರ್ಥನೆಯನ್ನು ಚಿಕ್ಕದು ಮಾಡಿಕೊಳ್ಳಿ. ಒಂದು ಗಂಟೆ ಮೊಣಕಾಲೂರುತ್ತಿದ್ದವರು ಎರಡು ನಿಮಿಷಕ್ಕೆ ಇಳಿಸಿ. ಖಿನ್ನತೆಯಲ್ಲಿ ಎಷ್ಟೋ ಜನರಿಗೆ ಬೆಳಗಿನ ಹೊತ್ತೇ ಅತಿ ಭಾರ, ಸಂಜೆಗೆ ಸ್ವಲ್ಪ ಸಡಿಲ. ಹಾಗಿದ್ದರೆ ಸಂಜೆಯೇ ಪ್ರಾರ್ಥಿಸಿ. ಸ್ವಂತ ಮಾತು ಬಾರದಿದ್ದರೆ ಕಲಿತ ಮಾತು ಇದೆ, ಕರ್ತನ ಪ್ರಾರ್ಥನೆ ಇದೆ. "ಕರ್ತನೇ, ಕರುಣಿಸು" ಅಂತ ಉಸಿರಿನ ಜೊತೆ ಹೇಳಿದರೂ ಸಾಕು. ಕೆಥೋಲಿಕರಿಗೆ ಜಪಸರ ಇದೆ. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಲ್ಯಾಟಿನ್ ಭಾಷೆಯ ಜಪಸರ ಹೇಳುವಾಗ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುವುದನ್ನು ಕಂಡರು. ಯೋಗದ ಮಂತ್ರ ಹೇಳುವಾಗಲೂ ಹಾಗೆಯೇ ಆಯಿತು. ನಿಧಾನದ ಉಸಿರು ಹೃದಯದ ಲಯವನ್ನು ಶಾಂತ ಮಾಡುತ್ತದೆ. ಅಜ್ಜಿಯರು ಮಣಿ ಎಣಿಸುತ್ತಾ ನೆಮ್ಮದಿಯಾಗಿ ಕೂರುತ್ತಿದ್ದದ್ದು ಸುಮ್ನೆ ಅಲ್ಲ.

ಮನೆಯಲ್ಲಿ ಆಗದಿದ್ದರೆ ಎದ್ದು ಹೊರಡಿ. ಶಿವಾಜಿನಗರದ ಬೆಸಿಲಿಕಾದಲ್ಲಿ, ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರ ಎಲ್ಲ ಧರ್ಮದ ಜನ ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ಅಲ್ಲಿ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬಸ್ಸು ಹತ್ತಿ ಅಲ್ಲಿಗೆ ಹೋಗಿ ಹತ್ತು ನಿಮಿಷ ಕೂತು ಬಂದರೂ ಅದು ಚಿಕಿತ್ಸೆಯ ಭಾಗವೇ. ಮನಸ್ಸು ಬಂದ ಮೇಲೆ ಕೆಲಸ ಅಂತ ಕಾಯಬಾರದು, ಕೆಲಸ ಶುರುಮಾಡಿದ ಮೇಲೆ ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ ಅಂತ ನಾವು ರೋಗಿಗಳಿಗೆ ಕಲಿಸುವುದೂ ಇದನ್ನೇ.

ಅದೂ ಆಗದ ದಿನ ಬೇರೆಯವರು ಪ್ರಾರ್ಥಿಸಲಿ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಾಲ್ಕು ಜನ ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತಂದು, ಮನೆಯ ಛಾವಣಿ ಬಿಚ್ಚಿ ಇಳಿಸುತ್ತಾರೆ. ಯೇಸುಸ್ವಾಮಿ ನೋಡಿದ್ದು ಅವರ ನಂಬಿಕೆಯನ್ನು. ಹಾಸಿಗೆಯಲ್ಲಿದ್ದವನು ಒಂದು ಮಾತೂ ಆಡಿಲ್ಲ. ಸಭೆಯವರಿಗೆ ನನ್ನ ಬೇಡಿಕೆ ಇಷ್ಟೇ. ಆ ನಾಲ್ಕು ಜನರ ಹಾಗೆ ಹೊರಿ. ನಿನ್ನ ವಿಶ್ವಾಸ ಕಡಿಮೆಯಾಯ್ತು ಅನ್ನಬೇಡಿ. ಅವರ ಕಾಯಿಲೆಯ ಹೆಸರನ್ನು ವಾಟ್ಸಾಪ್ ಗುಂಪಿನಲ್ಲಿ ಪ್ರಾರ್ಥನೆಗೆ ಅಂತ ಹಾಕಬೇಡಿ. ಮನೆಗೆ ಹೋಗಿ, ಸಾರು ತಗೊಂಡು ಹೋಗಿ. ಚಿಕ್ಕದಾಗಿ ಪ್ರಾರ್ಥಿಸಿ, ಆಸ್ಪತ್ರೆಗೆ ಜೊತೆಗೆ ಬರ್ತೀನಿ ಅನ್ನಿ. ಸೆರೆಸಿಕ್ಕ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಸ್ನೇಹಿತರನ್ನು ಕೇಳಿದ್ದೂ ಎಚ್ಚರವಾಗಿ ಜೊತೆಗಿರಿ ಅಂತ.

ಸಾಯುವ ಮಾತು ಬಂದರೆ, ಊಟ ನೀರು ಬಿಟ್ಟರೆ, ಇಲ್ಲದ ಧ್ವನಿ ಕೇಳಿಸುತ್ತಿದ್ದರೆ, ಮುಂದಿನ ಪ್ರಾರ್ಥನಾ ಕೂಟದವರೆಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವರನ್ನು ಒಬ್ಬರೇ ಬಿಡಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ರಾತ್ರಿಯೂ ತುರ್ತು ವಿಭಾಗ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಕ್ಕ ಮಾತ್ರೆ ಶುರುಮಾಡಿದರು. ರಾತ್ರಿ ಊಟ ಆದ ಮೇಲೆ ಗಂಡ ಒಂದು ಕೀರ್ತನೆ ಓದುವುದು, ಅಕ್ಕ ಕೇಳುವುದು, ಆಗದಿದ್ದರೆ ಕೇಳದೆಯೂ ಇರುವುದು ಅಂತ ಮಾತಾಯಿತು. ಮೂರನೇ ವಾರ ನಿದ್ದೆ ಬೆಳಗಿನ ಐದರವರೆಗೆ ಬಂತು. ಏಳನೇ ವಾರ ಒಬ್ಬರೇ ಒಳಗೆ ಬಂದರು. ಗಂಡ ಹೊರಗೆ ಕೂತಿದ್ದರು.

"ಮೇಡಂ, ನಿನ್ನೆ ಪಾತ್ರೆ ತೊಳೀತಾ ದೇವರ ಹತ್ರ ಜಗಳ ಆಡ್ಬಿಟ್ಟೆ. ನಾಲ್ಕು ತಿಂಗಳು ಎಲ್ಲೋಗಿದ್ದೆ ಅಂತ ಜೋರಾಗಿ ಕೇಳ್ದೆ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು."

"ಆಮೇಲೆ?"

"ಆಮೇಲೆ ಅತ್ತೆ. ಅತ್ತು ಕೈ ಒರೆಸ್ಕೊಂಡು ಅನ್ನಕ್ಕಿಟ್ಟೆ. ಹಸಿವಾಗಿತ್ತು."