ಬಸ್ಸಿನ ಟ್ಯಾಂಕಿಗೆ ಜೈವಿಕ ಇಂಧನ: ಬೆಂಬಲ ಹರಿದದ್ದು ಎಲ್ಲಿಗೆ?

ಸಾರಿಗೆ ನಿಗಮಗಳ ಬಸ್ಸುಗಳನ್ನು ಜೈವಿಕ ಇಂಧನದಲ್ಲಿ ಓಡಿಸುವ ಮಾತು ಬಂದಾಗಲೆಲ್ಲ ಎರಡು ಬೇರೆ ಬೇರೆ ವಿಚಾರಗಳು ಕಲಸಿಹೋಗುತ್ತವೆ. ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಒಂದು, ಡೀಸೆಲ್ ಬದಲಿಗೆ ಎಣ್ಣೆಬೀಜಗಳಿಂದ ತಯಾರಿಸಿದ ಬಯೋಡೀಸೆಲ್ ಬಳಸುವುದು ಇನ್ನೊಂದು. ಮೊದಲನೆಯದು ಶೇ 20ರ ಗುರಿ ಮುಟ್ಟಿದೆ. ಬಸ್ಸು ಓಡುವುದು ಡೀಸೆಲ್‌ನಲ್ಲಿ. ಅಲ್ಲಿ ಬೆರಕೆ ಶೇ 1ರ ಆಚೆ ಹೋಗಲು ತಿಣುಕುತ್ತಿದೆ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಆಮೇಲೆ ಅಗ್ಗದ ಕಚ್ಚಾ ತೈಲದ ಮುಂದೆ ಸಸ್ಯದೆಣ್ಣೆಯ ಮಾತು ದಶಕಗಳ ಕಾಲ ಮೂಲೆಗೆ ಸರಿಯಿತು. ಭಾರತದಲ್ಲಿ 2003ರಲ್ಲಿ ಕೆಲವು ರಾಜ್ಯಗಳ ಪೆಟ್ರೋಲಿಗೆ ಶೇ 5ರಷ್ಟು ಎಥನಾಲ್ ಸೇರತೊಡಗಿತು. ಅದೇ ಹೊತ್ತಿಗೆ ಯೋಜನಾ ಆಯೋಗದ ಸಮಿತಿಯೊಂದು ಬಯೋಡೀಸೆಲ್‌ಗಾಗಿ ಜಟ್ರೋಫಾ ಎಂಬ ಎಣ್ಣೆಬೀಜದ ಗಿಡ ಬೆಳೆಸಲು ಹೇಳಿತು. 2005ರ ಖರೀದಿ ನೀತಿಯು ಬಯೋಡೀಸೆಲ್‌ಗೆ ಬೆಲೆ ನಿಗದಿ ಮಾಡಿತಾದರೂ, ತಯಾರಿಕೆಯ ಖರ್ಚೇ ಅದಕ್ಕಿಂತ ಹೆಚ್ಚಾಗಿದ್ದುದರಿಂದ ಖರೀದಿ ಕೇಂದ್ರಗಳಿಗೆ ಬಂದದ್ದು ಅತ್ಯಲ್ಪ.

ಕರ್ನಾಟಕದ ಕಥೆ ಇಲ್ಲಿಂದ ಕೊಂಚ ಬೇರೆ. ಎಥನಾಲ್ ತಯಾರಿಸಲು ಬೇಕಾದ ಕಬ್ಬಿನ ಕಾಕಂಬಿಗೆ ಕೊರತೆಯಿಲ್ಲದ ಈ ರಾಜ್ಯದಲ್ಲಿ ಕೆಎಸ್‌ಆರ್‌ಟಿಸಿ, ಶೇ 7.7ರಷ್ಟು ಎಥನಾಲ್ ಬೆರೆಸಿದ ಡೀಸೆಲ್‌ನಲ್ಲಿ ಬಸ್ಸು ಓಡಿಸಿ ನೋಡಿತು. ಎಥನಾಲ್ ಮತ್ತು ಡೀಸೆಲ್ ಸಹಜವಾಗಿ ಒಗ್ಗುವ ಜೋಡಿಯಲ್ಲ. ತುಸು ನೀರು ಸೇರಿದರೂ ಮಿಶ್ರಣ ಒಡೆದು ಎರಡು ಪದರವಾಗುತ್ತದೆ, ಆದ್ದರಿಂದ ಅವನ್ನು ಹಿಡಿದಿಡಲು ಮತ್ತೊಂದು ರಾಸಾಯನಿಕ ಬೇಕು. ಮೇಲಾಗಿ ಆ ಮಿಶ್ರಣಕ್ಕೆ ಪೆಟ್ರೋಲಿನಂತೆ ಬೇಗ ಬೆಂಕಿ ಹತ್ತುತ್ತದೆ. ಡೀಸೆಲ್‌ಗೆಂದು ಕಟ್ಟಿದ ಡಿಪೊಗಳಿಗೆ ಇದು ಸಣ್ಣ ಸಂಗತಿಯಲ್ಲ.

2009ರಲ್ಲಿ ರಾಜ್ಯವು ತನ್ನದೇ ಜೈವಿಕ ಇಂಧನ ನೀತಿಯನ್ನು ತಂದು, ಬಳಿಕ ಅದಕ್ಕೊಂದು ಅಭಿವೃದ್ಧಿ ಮಂಡಳಿಯನ್ನೂ ರಚಿಸಿತು. ಜಟ್ರೋಫಾದ ಹಿಂದೆ ಬೀಳದೆ, ಬದು, ಬೇಲಿ, ರಸ್ತೆಬದಿಗಳಲ್ಲಿ ತಾನಾಗಿ ಬೆಳೆಯುವ ಹೊಂಗೆ, ಬೇವು, ಹಿಪ್ಪೆಗಳನ್ನು ನೆಚ್ಚಿಕೊಂಡದ್ದು ಈ ನೀತಿಯ ಜಾಣತನ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನವು ಸಸಿ ಬೆಳೆಸುವುದರಿಂದ ಹಿಡಿದು ಎಣ್ಣೆ ತೆಗೆಯುವವರೆಗಿನ ಕೆಲಸವನ್ನು ರೈತರಿಗೆ ತೋರಿಸಿಕೊಟ್ಟಿತು. ಆದರೆ ಒಂದು ಲೀಟರ್ ಹೊಂಗೆ ಎಣ್ಣೆಗೆ ಮೂರೂವರೆ, ನಾಲ್ಕು ಕಿಲೊ ಬೀಜ ಬೇಕು. ಬೀಜ ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಆರಿಸಿ ತಂದದ್ದು ಚೀಲದಲ್ಲೇ ತೇವ ಹಿಡಿದರೆ ಎಣ್ಣೆಯಲ್ಲಿ ಆಮ್ಲ ಏರುತ್ತದೆ, ಅಂಥ ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಹಾಕಿದರೆ ಬಯೋಡೀಸೆಲ್ ಆಗುವ ಬದಲು ಸಾಬೂನಿನ ಗಸಿ ಕಟ್ಟಿಕೊಳ್ಳುತ್ತದೆ. ಡಿಪೊಗಾದರೋ ವರ್ಷದ ಎಲ್ಲ ದಿನವೂ ಒಂದೇ ಗುಣಮಟ್ಟದ ಇಂಧನ ಬೇಕು.

ಬಸ್ಸುಗಳಿಗೆ ಬಯೋಡೀಸೆಲ್ ನಿಜಕ್ಕೂ ಲಾಭವಾಗಬಹುದಾಗಿದ್ದ ಕಾಲವೊಂದಿತ್ತು. 2013ರ ಜನವರಿಯಲ್ಲಿ ಸಗಟು ಗ್ರಾಹಕರ ಡೀಸೆಲ್ ಬೆಲೆ ಲೀಟರಿಗೆ ಹತ್ತು ರೂಪಾಯಿಯ ಆಸುಪಾಸು ಒಮ್ಮೆಲೇ ಏರಿದಾಗ, ಸ್ವಂತ ಡಿಪೊದಲ್ಲಿ ಪಂಪ್ ಇಟ್ಟುಕೊಂಡಿದ್ದ ನಿಗಮಗಳ ಬಸ್ಸುಗಳು ಡೀಸೆಲ್ ಅಗ್ಗವಾಗಿದ್ದ ರಸ್ತೆಬದಿಯ ಬಂಕ್‌ಗಳಲ್ಲಿ ಸಾಲುಗಟ್ಟಿ ನಿಂತವು. ತಯಾರಕರು ಬಯೋಡೀಸೆಲನ್ನು ಇಂಥ ಸಗಟು ಗ್ರಾಹಕರಿಗೆ ನೇರವಾಗಿ ಮಾರಲು ಅನುಮತಿ ಸಿಕ್ಕಿದ್ದು 2015ರಲ್ಲಿ. ಅಷ್ಟರೊಳಗೆ ಕಚ್ಚಾ ತೈಲದ ಬೆಲೆ ಕುಸಿದು, ಡೀಸೆಲ್ಲೇ ಅಗ್ಗವಾಗಿತ್ತು. ಕೆಎಸ್‌ಆರ್‌ಟಿಸಿ ಕೆಲವು ಡಿಪೊಗಳಲ್ಲಿ ಶೇ 20ರಷ್ಟು ಬಯೋಡೀಸೆಲ್ ಬೆರೆಸಿ ನೋಡಿದ್ದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಹಳೆಯ ಟ್ಯಾಂಕಿನ ತಳದಲ್ಲಿ ಕೂತ ಕೊಳೆಯನ್ನು ಬಯೋಡೀಸೆಲ್ ಕರಗಿಸಿ ಎಬ್ಬಿಸುತ್ತದೆ. ಆದ್ದರಿಂದ ಬಳಕೆ ಶುರುವಾದ ಹೊಸತರಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದು ಸಾಮಾನ್ಯ. ಎಂಜಿನ್ನೇ ಹಾಳಾಯಿತೆಂಬ ದೂರು ಹುಟ್ಟಲು ಅಷ್ಟು ಸಾಕು.

2018ರ ರಾಷ್ಟ್ರೀಯ ನೀತಿ 2030ಕ್ಕೆ ಡೀಸೆಲ್‌ನಲ್ಲಿ ಶೇ 5ರ ಬೆರಕೆಯ ಗುರಿ ಇಟ್ಟಿತು. 2021ರಲ್ಲಿ ಬಯೋಡೀಸೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಆದರೆ ಆ ರಿಯಾಯಿತಿ ಬೆರಕೆಗಾಗಿ ತೈಲ ಕಂಪನಿಗಳಿಗೆ ಮಾರಿದರೆ ಮಾತ್ರ, ಸಾರಿಗೆ ನಿಗಮವೇ ನೇರ ಕೊಂಡರೆ ಇಲ್ಲ. ಸಸಿಗೆ, ಗಾಣಕ್ಕೆ, ಕಾರ್ಖಾನೆಗೆ ಒಂದಲ್ಲ ಒಂದು ನೆರವು ಸಿಕ್ಕ ಈ ದಾರಿಯಲ್ಲಿ, ಕೊನೆಗೆ ಇಂಧನ ತುಂಬಿಸಿಕೊಳ್ಳಬೇಕಾದವರ ಲೆಕ್ಕವನ್ನು ಕೇಳಿದ ಗುರುತು ಕಡಿಮೆ.

ಬಸ್ಸಿನ ಹೆಸರಲ್ಲಿ ಬರುವ ದೊಡ್ಡ ಮೊತ್ತದ ಬೆಂಬಲ ಈಗ ವಿದ್ಯುತ್ತಿನ ಕಡೆ ತಿರುಗಿದೆ. 2023ರ ಪಿಎಂ ಇ-ಬಸ್ ಸೇವಾ ಯೋಜನೆಯ ಗಾತ್ರವೇ ₹57,613 ಕೋಟಿ, ಬಸ್ಸುಗಳು 10,000. ಅದಕ್ಕೂ ಒಂದು ವರ್ಷ ಮೊದಲು, 2022ರ ಮಾರ್ಚ್‌ನಲ್ಲಿ, ಸಗಟು ಡೀಸೆಲ್ ಬೆಲೆ ಚಿಲ್ಲರೆ ಬೆಲೆಯನ್ನು ಮೀರಿ ಏರಿದಾಗ ನಿಗಮಗಳ ಬಸ್ಸುಗಳು ಮತ್ತೆ ಅದೇ ಬಂಕ್‌ಗಳ ಮುಂದೆ ಸಾಲು ನಿಂತಿದ್ದವು.